ಹವಳದ ದಿಬ್ಬದ ವಯಸ್ಸು ಲೆಕ್ಕ ಹಾಕುವ ಬಗೆ: ಭಾಗಾಕಾರ ಎಲ್ಲಿಯವರೆಗೆ ನಡೆಯುತ್ತದೆ, ಎಲ್ಲಿ ಕೈಕೊಡುತ್ತದೆ

ಹವಳದ ದಿಬ್ಬ ಎಷ್ಟು ದಪ್ಪವಿದೆ ನೋಡಿ, ವರ್ಷಕ್ಕೆ ಎಷ್ಟು ಬೆಳೆಯುತ್ತದೆ ನೋಡಿ, ಭಾಗಿಸಿ, ವಯಸ್ಸು ಬಂತು. ಭೂಮಿಗೆ ಆರು ಸಾವಿರ ವರ್ಷ ಎನ್ನುವವರೂ ಈ ಲೆಕ್ಕ ತೋರಿಸುತ್ತಾರೆ, ಕೋಟ್ಯಂತರ ವರ್ಷ ಎನ್ನುವವರೂ ಇದನ್ನೇ ತೋರಿಸುತ್ತಾರೆ. ಪೆಸಿಫಿಕ್ ಸಾಗರದ ಎನಿವೆಟಾಕ್ ದಿಬ್ಬಕ್ಕೆ ಒಬ್ಬರ ಭಾಗಾಕಾರದಲ್ಲಿ 3,400 ವರ್ಷ ಬರುತ್ತದೆ, ಇನ್ನೊಬ್ಬರದರಲ್ಲಿ 14 ಲಕ್ಷ. ಇಬ್ಬರೂ ಗುಣಿಸುವುದರಲ್ಲಿ ಭಾಗಿಸುವುದರಲ್ಲಿ ತಪ್ಪಿಲ್ಲ. ತಪ್ಪಿರುವುದು ಭಾಗಿಸಲು ಹಿಡಿದ ಅಂಕಿಯಲ್ಲಿ, ಮತ್ತು ಆ ಉತ್ತರ ಯಾವುದರ ವಯಸ್ಸು ಎಂದು ಕೇಳಿಕೊಳ್ಳದೆ ಬಿಟ್ಟದ್ದರಲ್ಲಿ.

ಚಿತ್ರದುರ್ಗ, ದಾವಣಗೆರೆ ಕಡೆಯ ಪ್ರೌಢಶಾಲೆ ಮತ್ತು ಪಿಯು ಕಾಲೇಜಿನ ವಿಜ್ಞಾನ ಮೇಷ್ಟ್ರುಗಳು ಇದನ್ನು ಎರಡು ಪೀರಿಯಡ್‌ನಲ್ಲಿ ಬೋರ್ಡಿನ ಮೇಲೆ, ಒಂದು ದಿನ ಬಯಲಿನಲ್ಲಿ ಮಾಡಿಸಬಹುದು. ಸ್ಕೇಲು, ಕ್ಯಾಲ್ಕುಲೇಟರ್, ಹವಳದ ಎಕ್ಸ್‌ರೇ ಚಿತ್ರದ ಪ್ರಿಂಟು, ಐದು ಮೀಟರ್ ಹುರಿ, ಭೂತಗನ್ನಡಿ, ಡ್ರಾಪರ್ ಇರುವ ಪುಟ್ಟ ಬಾಟಲಿಯಲ್ಲಿ ತೆಳು ಹೈಡ್ರೋಕ್ಲೋರಿಕ್ ಆಸಿಡ್ ಇದ್ದರೆ ಸಾಕು. ಹವಳ ಬೇಡ. ದಿಬ್ಬ ಕಟ್ಟುವ ಹವಳಗಳೆಲ್ಲ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಒಂದನೇ ಅನುಸೂಚಿಯಲ್ಲಿವೆ. ಮುರುಡೇಶ್ವರದ ಎದುರಿನ ನೇತ್ರಾಣಿ ದ್ವೀಪದಿಂದಲೋ ರಾಮೇಶ್ವರದಿಂದಲೋ ಒಂದು ತುಂಡು ತಂದಿಟ್ಟುಕೊಂಡರೂ ಅಪರಾಧ. ಸರಾಫರ ಅಂಗಡಿಯಲ್ಲಿ ಕುಜದೋಷಕ್ಕೆಂದು ಕೊಡುವ ಕೆಂಪು ಹವಳ ಬೇರೆ ಜಾತಿ. ಅದು ಬಿಸಿಲು ಅಷ್ಟಾಗಿ ತಲುಪದ ಜಾಗದಲ್ಲಿ ಬಹಳ ನಿಧಾನವಾಗಿ ಬೆಳೆಯುತ್ತದೆ, ದಿಬ್ಬ ಕಟ್ಟುವುದಿಲ್ಲ. ಅದರ ಅಂಕಿ ಇಲ್ಲಿಗೆ ತರಬಾರದು.

ಮೊದಲು ಯಾವುದರ ವಯಸ್ಸು ಎಂದು ಬರೆಯಿಸಿ

ಬೋರ್ಡಿನ ಮೇಲೆ ಮೂರು ಸಾಲು ಬೇರೆ ಬೇರೆ ಬರೆಯಿರಿ: ಒಂದು ಹವಳದ ಗೂಡಿನ ವಯಸ್ಸು, ಇಡೀ ದಿಬ್ಬದ ವಯಸ್ಸು, ಭೂಮಿಯ ವಯಸ್ಸು. ಮೊದಲನೆಯದು ನೂರಾರು ವರ್ಷದ ಮಾತು. ಎರಡನೆಯದು ಸಾವಿರದಿಂದ ಕೋಟಿಯವರೆಗೆ ಹೋಗುತ್ತದೆ. ಮೂರನೆಯದು 454 ಕೋಟಿ. ಮೊದಲನೆಯದಕ್ಕೆ ಸಿಕ್ಕ ಉತ್ತರವನ್ನು ಮೂರನೆಯ ಸಾಲಿನ ಮುಂದೆ ಬರೆದಾಗಲೇ ಜಗಳ ಶುರುವಾಗುತ್ತದೆ. ದಿಬ್ಬ ಎಷ್ಟು ಹಳೆಯದೋ ಭೂಮಿ ಕಡೇಪಕ್ಷ ಅಷ್ಟಾದರೂ ಹಳೆಯದು ಎಂದಷ್ಟೇ ಹೇಳಬಹುದು. ದಿಬ್ಬ ಚಿಕ್ಕ ವಯಸ್ಸಿನದು, ಆದ್ದರಿಂದ ಭೂಮಿಯೂ ಚಿಕ್ಕದು ಎಂಬ ಮಾತಿಗೆ ಬುಡವಿಲ್ಲ. ಆಸ್ಟ್ರೇಲಿಯಾದ ಗ್ರೇಟ್ ಬ್ಯಾರಿಯರ್ ದಿಬ್ಬದ ಮೇಲಿನ ಪದರಕ್ಕೆ ಹತ್ತು ಸಾವಿರ ವರ್ಷವೂ ಇಲ್ಲ. ಸುಮಾರು 20,000 ವರ್ಷದ ಹಿಂದೆ ಹಿಮಯುಗದಲ್ಲಿ ಸಮುದ್ರದ ಮಟ್ಟ ಈಗಿನದಕ್ಕಿಂತ 120 ಮೀಟರಿಗೂ ಹೆಚ್ಚು ಕೆಳಗಿತ್ತು. ಇಂದಿನ ದಿಬ್ಬದ ಜಾಗ ಆಗ ಒಣನೆಲ. ಆ ಹೊಸ ಪದರದ ಕೆಳಗೆ ಹಳೆಯ ದಿಬ್ಬಗಳು ಒಂದರ ಮೇಲೊಂದು ಕೂತಿವೆ.

ಎಕ್ಸ್‌ರೇ ಚಿತ್ರದಲ್ಲಿ ವರ್ಷ ಎಣಿಸುವುದು

ಪೊರೈಟಿಸ್ ಎಂಬ ಗುಂಡು ಹವಳ ಇದಕ್ಕೆ ಹೇಳಿ ಮಾಡಿಸಿದ್ದು. ಅದರ ಸುಣ್ಣದ ಗೂಡನ್ನು ಆರೇಳು ಮಿ.ಮೀ. ದಪ್ಪದ ಹಲ್ಲೆಯಾಗಿ ಕೊಯ್ದು ಎಕ್ಸ್‌ರೇ ತೆಗೆದರೆ ಒತ್ತಾದ ಪಟ್ಟೆ, ಸಡಿಲವಾದ ಪಟ್ಟೆ ಒಂದಾದ ಮೇಲೊಂದು ಕಾಣುತ್ತವೆ. ಒಂದು ಒತ್ತು, ಒಂದು ಸಡಿಲು ಸೇರಿ ಒಂದು ವರ್ಷ. ಇದು ಊಹೆಯಲ್ಲ. 1972ರಲ್ಲಿ ನಟ್ಸನ್, ಬಡ್‌ಮೈಯರ್, ಸ್ಮಿತ್ ಎಂಬ ಮೂವರು ಎನಿವೆಟಾಕ್‌ನ ಹವಳಗಳಲ್ಲಿ ಅಣುಬಾಂಬ್ ಪರೀಕ್ಷೆಯ ವಿಕಿರಣ ಉಳಿಸಿದ ಗುರುತುಗಳನ್ನು ಹುಡುಕಿ, ಪರೀಕ್ಷೆ ನಡೆದ ಇಸವಿಗೂ ಪಟ್ಟೆಯ ಎಣಿಕೆಗೂ ತಾಳೆ ನೋಡಿದರು. ಪಟ್ಟೆ ವರ್ಷದ್ದೇ ಎಂದು ಖಚಿತವಾಯಿತು.

ಚಿತ್ರವನ್ನು ಪ್ರಿಂಟ್ ತೆಗೆಯುವಾಗ ಅದರ ಜೊತೆಗಿರುವ ಸೆಂಟಿಮೀಟರ್ ಗುರುತು ಕತ್ತರಿಸಿ ಹೋಗದಂತೆ ನೋಡಿಕೊಳ್ಳಿ. ವಾಟ್ಸಾಪಿನಲ್ಲಿ ಬಂದ ಚಿತ್ರಗಳಲ್ಲಿ ಹೋಗಿರುವುದು ಅದೇ, ಗುರುತಿಲ್ಲದ ಚಿತ್ರ ಪಾಠಕ್ಕೆ ಬರುವುದಿಲ್ಲ. ಪ್ರಿಂಟಿನ ಮೇಲೆ ಆ ಗುರುತನ್ನು ಸ್ಕೇಲಿನಿಂದ ಅಳೆಯಿರಿ. 5 ಸೆಂ.ಮೀ. ಎಂದು ಬರೆದ ಗೆರೆ ಹಾಳೆಯ ಮೇಲೆ 4 ಸೆಂ.ಮೀ. ಬಂದಿದ್ದರೆ ಪ್ರತಿ ಅಳತೆಯನ್ನೂ 1.25ರಿಂದ ಗುಣಿಸಬೇಕು. ಆಮೇಲೆ ಪಟ್ಟೆಗಳು ಅತಿ ಅಗಲವಾಗಿ, ನೇರವಾಗಿ ಮೇಲಕ್ಕೇರುವ ದಾರಿ ಹುಡುಕಿ ಪೆನ್ಸಿಲ್ ಗೆರೆ ಎಳೆಯಿರಿ. ಆ ಗೆರೆಯ ಮೇಲೆ ಮಾತ್ರ ಎಣಿಸಿ. 12 ಜೊತೆ ಪಟ್ಟೆಗೆ 150 ಮಿ.ಮೀ. ಬಂದರೆ ವರ್ಷಕ್ಕೆ 12.5 ಮಿ.ಮೀ. ಪೊರೈಟಿಸ್‌ಗೆ ಇದು ಸಹಜವಾದ ಅಂಕಿ. ಸುಮಾರು 1 ಸೆಂ.ಮೀ. ಆಚೀಚೆ ಬರಬೇಕು.

ಮಕ್ಕಳು ಎಡವುವುದು ಮೂರು ಕಡೆ. ಒತ್ತು ಪಟ್ಟೆ ಒಂದು ವರ್ಷ, ಸಡಿಲು ಪಟ್ಟೆ ಇನ್ನೊಂದು ವರ್ಷ ಎಂದು ಎಣಿಸಿದರೆ ವಯಸ್ಸು ಇಮ್ಮಡಿಯಾಗುತ್ತದೆ, ಬೆಳವಣಿಗೆ ಅರ್ಧಕ್ಕಿಳಿಯುತ್ತದೆ. ಗೂಡಿನ ಪಕ್ಕದ ಇಳಿಜಾರಿನಲ್ಲಿ ಅಳೆದರೆ ಪಟ್ಟೆ ಒತ್ತೊತ್ತಾಗಿ ಬೆಳವಣಿಗೆ ಕಡಿಮೆ ಬರುತ್ತದೆ. ಹಲ್ಲೆಯನ್ನು ಓರೆಯಾಗಿ ಕೊಯ್ದಿದ್ದರೆ ಪಟ್ಟೆ ಮಸುಕಾಗಿ ಒಂದರೊಳಗೊಂದು ಸೇರಿರುತ್ತದೆ. ಅಂಥ ಜಾಗ ಕಂಡರೆ ಎಣಿಸದೆ ಬಿಡಿ, ಅಂದಾಜು ತುಂಬಬೇಡಿ.

ಜೀವಂತ ಹವಳದಲ್ಲಿ ಬೆಳವಣಿಗೆ ಅಳೆಯುವವರು ಅಲಿಜರಿನ್ ರೆಡ್ ಎಂಬ ಬಣ್ಣ ಬಳಸುತ್ತಾರೆ. ಗೂಡಿಗೆ ಪ್ಲಾಸ್ಟಿಕ್ ಚೀಲ ಮುಚ್ಚಿ, ಲೀಟರಿಗೆ 10ರಿಂದ 15 ಮಿ.ಗ್ರಾಂ ಬಣ್ಣ ಬೆರೆತ ಸಮುದ್ರದ ನೀರಿನಲ್ಲಿ ಹಗಲೆಲ್ಲ ಬಿಡುತ್ತಾರೆ. ಆ ಹೊತ್ತಿನಲ್ಲಿ ಕೂತ ಸುಣ್ಣ ಕೆಂಪು ಗೆರೆಯಾಗುತ್ತದೆ. ವರ್ಷ ಕಳೆದು ಕೊಯ್ದು, ಗೆರೆಯ ಮೇಲೆ ಬೆಳೆದದ್ದೆಷ್ಟು ನೋಡುತ್ತಾರೆ. ಅಕ್ರೊಪೊರಾ ಎಂಬ ಕವಲು ಹವಳದ ಕೊಂಬೆ ವರ್ಷಕ್ಕೆ 10 ಸೆಂ.ಮೀ., ಕೆಲವೆಡೆ ಇನ್ನೂ ಹೆಚ್ಚು ಬೆಳೆಯುವುದು ನಿಜ.

ಹವಳದ ಬೆಳವಣಿಗೆ ಬೇರೆ, ದಿಬ್ಬದ ಬೆಳವಣಿಗೆ ಬೇರೆ

ಎಲ್ಲರೂ ಜಾರುವ ಮೆಟ್ಟಿಲು ಇದು. ಕೊಂಬೆ ವರ್ಷಕ್ಕೆ 10 ಸೆಂ.ಮೀ. ಬೆಳೆದರೆ ದಿಬ್ಬವೂ 10 ಸೆಂ.ಮೀ. ಏರುತ್ತದೆ ಎಂದುಕೊಳ್ಳುತ್ತಾರೆ. ಮನೆಗೆ ಬಂದ ದುಡಿಮೆಯೆಲ್ಲ ವರ್ಷದ ಕೊನೆಗೆ ಉಳಿತಾಯವಾಗಿರುವುದಿಲ್ಲವಲ್ಲ, ಹಾಗೇ ಇದೂ. ಕೊಂಬೆಗಳ ನಡುವೆ ಬರೀ ಖಾಲಿ ಜಾಗ. ಚಂಡಮಾರುತ ಬಂದರೆ ಮುರಿದು ಬೀಳುತ್ತವೆ. ಗಿಳಿಮೀನು ಹವಳವನ್ನು ಕಡಿದು ಅರೆದು ಮರಳಾಗಿ ಹೊರಹಾಕುತ್ತದೆ. ಉಬ್ಬುತಲೆಯ ದೊಡ್ಡ ಗಿಳಿಮೀನು ಒಂದೇ ವರ್ಷಕ್ಕೆ ಟನ್‌ಗಟ್ಟಲೆ ಸುಣ್ಣ ಹೀಗೆ ಅರೆಯುತ್ತದೆ. ಸ್ಪಂಜು, ಹುಳು, ಕಡಲಮುಳ್ಳಿ ಒಳಗಿಂದ ಕೊರೆಯುತ್ತವೆ. ಇಷ್ಟಾದ ಮೇಲೆ ಉಳಿದದ್ದು ಮಾತ್ರ ದಿಬ್ಬ. ಕೊರೆದು ವಯಸ್ಸು ಕಟ್ಟಿದ ದಿಬ್ಬಗಳಲ್ಲಿ ಏರಿಕೆ ಸಾಮಾನ್ಯವಾಗಿ ವರ್ಷಕ್ಕೆ 1ರಿಂದ 10 ಮಿ.ಮೀ. ಒಳಗಿದೆ.

ಈ ಅಂಕಿಯನ್ನು ತೂಕದಿಂದಲೂ ಪರೀಕ್ಷಿಸಬಹುದು. ಈ ಲೆಕ್ಕವನ್ನು ತಪ್ಪದೆ ಮಾಡಿಸಿ, ಇದರಷ್ಟು ಗಟ್ಟಿಯಾದ ಒರೆಗಲ್ಲು ಈ ವಾದದಲ್ಲಿ ಇನ್ನೊಂದಿಲ್ಲ. ಸೊಂಪಾಗಿ ಬೆಳೆಯುವ ದಿಬ್ಬದಲ್ಲಿ ಒಂದು ಚದರ ಮೀಟರಿಗೆ ವರ್ಷಕ್ಕೆ ಸುಮಾರು 10 ಕೆ.ಜಿ. ಸುಣ್ಣ ಕೂಡುತ್ತದೆ, ಸಾಧಾರಣ ಜಾಗದಲ್ಲಿ 4 ಕೆ.ಜಿ. ಹವಳದ ಸುಣ್ಣ ಘನ ಮೀಟರಿಗೆ ಸುಮಾರು 2,900 ಕೆ.ಜಿ. ತೂಗುತ್ತದೆ. 10 ಕೆ.ಜಿ.ಯನ್ನು 2,900ರಿಂದ ಭಾಗಿಸಿದರೆ 3.4 ಮಿ.ಮೀ. ದಿಬ್ಬದಲ್ಲಿ ಅರ್ಧ ಪಾಲು ಟೊಳ್ಳು ಎಂದು ಹಿಡಿದರೆ ಸುಮಾರು 7 ಮಿ.ಮೀ. 4 ಕೆ.ಜಿ.ಗೆ ಇದೇ ರೀತಿ 3 ಮಿ.ಮೀ. ಹತ್ತಿರ ಬರುತ್ತದೆ. ಕೊರೆದು ನೋಡಿದವರ ಅಂಕಿಗೂ ತೂಕದ ಅಂಕಿಗೂ ಸರಿಹೋಯಿತು.

ಈಗ ಚಿಕ್ಕ ವಯಸ್ಸಿನ ವಾದದಲ್ಲಿ ಬರುವ 414 ಮಿ.ಮೀ. ಎಂಬ ಅಂಕಿಯನ್ನು ಇದೇ ತಕ್ಕಡಿಯಲ್ಲಿಡಿ. ಅದು ಇಂಡೊನೇಷ್ಯಾ ಕಡೆಯ ಸಮುದ್ರದಲ್ಲಿ ಬೇರೆ ಬೇರೆ ಕಾಲಕ್ಕೆ ನೀರಿನ ಆಳ ಅಳೆದು, ವ್ಯತ್ಯಾಸ ನೋಡಿ, 1932ರಲ್ಲಿ ಪ್ರಕಟವಾದ ಅಂಕಿ. ಹವಳಕ್ಕೆ ಗುರುತು ಹಾಕಿ ಅಳೆದದ್ದಲ್ಲ. ದಿಬ್ಬದ ಮೇಲೆ ನಾಲ್ಕು ಮಾರು ಆಚೆ ಹಗ್ಗ ಬಿಟ್ಟರೂ ಆಳ ಮೀಟರ್‌ಗಟ್ಟಲೆ ಬದಲಾಗುತ್ತದೆ. ವರ್ಷಕ್ಕೆ 414 ಮಿ.ಮೀ. ಏರಲು, ಅರ್ಧ ಟೊಳ್ಳು ಬಿಟ್ಟರೂ, ಚದರ ಮೀಟರಿಗೆ 600 ಕೆ.ಜಿ. ಸುಣ್ಣ ಕೂಡಬೇಕು. ಸೊಂಪಾದ ದಿಬ್ಬ ಕೊಡುವುದರ 60 ಪಟ್ಟು. ಅಂಥ ದಿಬ್ಬವನ್ನು ಯಾರೂ ಎಲ್ಲೂ ಅಳೆದಿಲ್ಲ.

ಎನಿವೆಟಾಕ್ ಲೆಕ್ಕ ಕೊನೆಯವರೆಗೆ

1842ರಲ್ಲಿ ಚಾರ್ಲ್ಸ್ ಡಾರ್ವಿನ್ ಒಂದು ವಿವರಣೆ ಕೊಟ್ಟ: ಜ್ವಾಲಾಮುಖಿ ದ್ವೀಪ ನಿಧಾನವಾಗಿ ಮುಳುಗುತ್ತದೆ, ಅದರ ಅಂಚಿನ ಹವಳ ಬೆಳಕು ಬಿಡಲಾರದೆ ಮೇಲಕ್ಕೆ ಕಟ್ಟುತ್ತ ಹೋಗುತ್ತದೆ, ಕೊನೆಗೆ ದ್ವೀಪ ಕಾಣೆಯಾಗಿ ಉಂಗುರದಂಥ ದಿಬ್ಬ ಉಳಿಯುತ್ತದೆ. 1896ರಿಂದ 1898ರವರೆಗೆ ಪೆಸಿಫಿಕ್‌ನ ಇನ್ನೊಂದು ಉಂಗುರದ ದಿಬ್ಬವಾದ ಫುನಾಫುಟಿಯಲ್ಲಿ ಸುಮಾರು 340 ಮೀಟರ್ ಕೊರೆದರೂ ಬುಡ ಸಿಗಲಿಲ್ಲ. 1952ರಲ್ಲಿ ಎನಿವೆಟಾಕ್‌ನಲ್ಲಿ ಎರಡು ಬಾವಿ ಕೊರೆದಾಗ ಸುಣ್ಣದ ಕಲ್ಲು ಮುಗಿದು ಬಸಾಲ್ಟ್ ಸಿಕ್ಕಿತು. ಆಳವಾದದ್ದರಲ್ಲಿ ಸುಣ್ಣದ ದಪ್ಪ ಸುಮಾರು 1,400 ಮೀಟರ್.

1,400 ಮೀಟರನ್ನು 414 ಮಿ.ಮೀ.ನಿಂದ ಭಾಗಿಸಿದರೆ ಸುಮಾರು 3,400 ವರ್ಷ ಬರುವುದು ಹೀಗೆ. 7 ಮಿ.ಮೀ.ನಿಂದ ಭಾಗಿಸಿದರೆ 2 ಲಕ್ಷ. 1 ಮಿ.ಮೀ.ನಿಂದ 14 ಲಕ್ಷ. ಈ ಕೊನೆಯ ಎರಡು ಅಂಕಿಗಳನ್ನೂ ದಿಬ್ಬದ ವಯಸ್ಸು ಎಂದು ಬರೆಯಬೇಡಿ. ಒಂದು ದಿನವೂ ನಿಲ್ಲದೆ, ಒಂದು ಚೂರೂ ಸವೆಯದೆ ಬೆಳೆದಿದ್ದರೆ ಎಂಬ ಷರತ್ತಿನ ಮೇಲೆ ಬಂದ ಕನಿಷ್ಠ ಕಾಲ ಅದು. ನಿಜದಲ್ಲಿ ಬೆಳವಣಿಗೆ ನಿಂತಿತ್ತು. ಆ ಬಾವಿಗಳ ಆಳದ ಪದರಗಳಲ್ಲಿ ನೆಲದ ಮೇಲೆ ಬದುಕುವ ಬಸವನಹುಳುವಿನ ಚಿಪ್ಪು ಸಿಕ್ಕಿದೆ. ಎಂದರೆ ಆ ಪದರ ಒಮ್ಮೆ ನೀರಿನಿಂದ ಮೇಲೆದ್ದು, ಮೇಲೆ ಗಿಡಮರ ಬೆಳೆದು, ಮಳೆನೀರಿಗೆ ಸುಣ್ಣ ಕರಗಿ, ಮತ್ತೆ ಮುಳುಗಿದೆ. ಎಷ್ಟು ಕಾಲ ಮೇಲಿತ್ತು ಎಂಬುದು ದಪ್ಪದಲ್ಲಿ ಎಲ್ಲೂ ಬರೆದಿಲ್ಲ.

ಇನ್ನೊಂದು ಮಾತನ್ನು ಮಕ್ಕಳ ಬಾಯಿಂದಲೇ ಹೊರಡಿಸಿ. ದಿಬ್ಬ ಕಟ್ಟುವ ಹವಳಕ್ಕೆ ಬಿಸಿಲು ಬೇಕು, ಚೆನ್ನಾಗಿ ಬೆಳೆಯುವುದು ಮೇಲಿನ 30-50 ಮೀಟರ್ ನೀರಿನಲ್ಲಿ. ಹಾಗಾದರೆ 1,400 ಮೀಟರ್ ಕೆಳಗಿರುವ ಹವಳ ಅಲ್ಲಿಗೆ ಹೇಗೆ ಹೋಯಿತು? ಬುಡವೇ ಇಳಿದಿರಬೇಕು. ದಿಬ್ಬದ ವೇಗವನ್ನು ನಿಗದಿ ಮಾಡಿದ್ದು ಹವಳವಲ್ಲ, ಕೆಳಗಿನ ನೆಲ. ಬುಡದ ಪದರದ ಪಳೆಯುಳಿಕೆಗಳು ಇಯೊಸೀನ್ ಕಾಲದವು, 3.4 ಕೋಟಿ ವರ್ಷಕ್ಕೂ ಹಿಂದಿನವು. 4 ಕೋಟಿ ಎಂದು ಹಿಡಿದರೆ ಇಳಿತ ಹತ್ತು ಲಕ್ಷ ವರ್ಷಕ್ಕೆ 35 ಮೀಟರ್, ವರ್ಷಕ್ಕೆ 0.035 ಮಿ.ಮೀ. ಹವಳಕ್ಕೆ ಇದನ್ನು ಸರಿಗಟ್ಟುವುದು ಏನೇನೂ ಕಷ್ಟವಲ್ಲ. ದಪ್ಪವನ್ನು ಬೆಳವಣಿಗೆಯ ದರದಿಂದ ಭಾಗಿಸುವುದು ಎನಿವೆಟಾಕ್‌ನಂಥ ದಿಬ್ಬಕ್ಕೆ ಏಕೆ ನಡೆಯುವುದಿಲ್ಲ ಎಂಬುದಕ್ಕೆ ಇದೇ ಕಾರಣ.

ನಿಜವಾದ ಗಡಿಯಾರ

ಕೆಲವು ಲಕ್ಷ ವರ್ಷದೊಳಗಿನ ಹವಳಕ್ಕೆ ಯುರೇನಿಯಂ-ಥೋರಿಯಂ ವಿಧಾನವಿದೆ. ಸಮುದ್ರದ ನೀರಿನಲ್ಲಿ ಯುರೇನಿಯಂ ಕರಗುತ್ತದೆ, ಥೋರಿಯಂ ಕರಗುವುದಿಲ್ಲ. ಹವಳ ಸುಣ್ಣ ಕಟ್ಟುವಾಗ ಕಿಲೋಗೆ ಸುಮಾರು 3 ಮಿ.ಗ್ರಾಂ ಯುರೇನಿಯಂ ಒಳಗೆ ಸೇರುತ್ತದೆ, ಥೋರಿಯಂ ಹೆಚ್ಚುಕಡಿಮೆ ಸೊನ್ನೆ. ಆಮೇಲೆ ಕಂಡ ಥೋರಿಯಂ-230 ಯುರೇನಿಯಂನಿಂದ ಹುಟ್ಟಿದ್ದು. ಅದರ ಅರ್ಧಾಯು (ಇದ್ದದ್ದರಲ್ಲಿ ಅರ್ಧ ಪಾಲು ಬೇರೆ ಧಾತುವಾಗಲು ಬೇಕಾದ ಕಾಲ) ಸುಮಾರು 75,600 ವರ್ಷ, ಹಾಗಾಗಿ ಐದಾರು ಲಕ್ಷ ವರ್ಷದವರೆಗೆ ಎಣಿಸಬಹುದು. ಕಾರ್ಬನ್-14ರ ಅರ್ಧಾಯು 5,730 ವರ್ಷ, 50,000 ದಾಟಿದರೆ ಅದು ಕೆಲಸಕ್ಕೆ ಬರುವುದಿಲ್ಲ. ಕೋಟಿ ವರ್ಷದ ಹವಳಕ್ಕೆ ಕಾರ್ಬನ್ ಪರೀಕ್ಷೆ ಮಾಡಿಸಿ ಕಡಿಮೆ ವಯಸ್ಸು ಬಂತು ಎಂದು ಯಾರಾದರೂ ತೋರಿಸಿದರೆ, ಮೊದಲು ಈ ಮಿತಿ ಕೇಳಿ.

ಯುರೇನಿಯಂ-ಥೋರಿಯಂ ಕೂಡ ಹಾಳಾಗುತ್ತದೆ. ಹವಳದ ಸುಣ್ಣ ಹುಟ್ಟುವಾಗ ಅರಗೊನೈಟ್. ಸಿಹಿನೀರು ತಾಗಿದರೆ ಕ್ಯಾಲ್ಸೈಟ್ ಆಗಿ ಮಾರ್ಪಡುತ್ತದೆ, ಆ ಗಡಿಬಿಡಿಯಲ್ಲಿ ಯುರೇನಿಯಂ ಒಳಗೂ ಹೊರಗೂ ಓಡಾಡುತ್ತದೆ. ಅದಕ್ಕೇ ಪ್ರಯೋಗಾಲಯದವರು ಮೊದಲು ಕ್ಯಾಲ್ಸೈಟ್ ಎಷ್ಟಿದೆ ನೋಡುತ್ತಾರೆ. ಯುರೇನಿಯಂನ ಎರಡು ಐಸೊಟೋಪುಗಳ ಆರಂಭದ ಪ್ರಮಾಣ ಸಮುದ್ರದ ನೀರಿನ ಪ್ರಮಾಣಕ್ಕೆ ತಾಳೆಯಾಗದಿದ್ದರೆ ಆ ಮಾದರಿಯನ್ನೇ ಕೈಬಿಡುತ್ತಾರೆ. ವರದಿ ಓದುವಾಗ ಈ ಎರಡು ಸಾಲು ಇವೆಯೇ ಎಂದು ಹುಡುಕಿ.

ದಿನ ಎಣಿಸುವ ಹವಳ

ಕೆಲವು ಹಳೆಯ ಹವಳಗಳ ಹೊರಮೈಯಲ್ಲಿ ವರ್ಷದ ಪಟ್ಟೆಯ ಒಳಗೆ ಕೂದಲೆಳೆಯಷ್ಟು ಸಣ್ಣ ಗೆರೆಗಳಿರುತ್ತವೆ, ದಿನಕ್ಕೊಂದು. 1963ರಲ್ಲಿ ಜಾನ್ ವೆಲ್ಸ್ ಡೆವೋನಿಯನ್ ಕಾಲದ ಹವಳಗಳಲ್ಲಿ ಇವನ್ನು ಎಣಿಸಿದಾಗ ವರ್ಷಕ್ಕೆ 385ರಿಂದ 410, ಸರಾಸರಿ ಸುಮಾರು 400 ಬಂತು. ವರ್ಷ ಎಂದರೆ ಭೂಮಿ ಸೂರ್ಯನನ್ನು ಸುತ್ತುವ ಕಾಲ, ಅದು 8,766 ಗಂಟೆ. 400ರಿಂದ ಭಾಗಿಸಿ: ಆಗಿನ ಒಂದು ದಿನ 21.9 ಗಂಟೆ.

ಈಗ ಹವಳವನ್ನು ಮುಟ್ಟದೆ ಬೇರೆ ದಾರಿಯಲ್ಲಿ ಬನ್ನಿ. ಸಮುದ್ರದ ಉಬ್ಬರವಿಳಿತದ ಎಳೆತಕ್ಕೆ ಭೂಮಿ ತಿರುಗುವುದು ನಿಧಾನವಾಗುತ್ತಿದೆ. ದಿನ ನೂರು ವರ್ಷಕ್ಕೆ ಸುಮಾರು 0.002 ಸೆಕೆಂಡ್ ಉದ್ದವಾಗುತ್ತದೆ. ವಿಕಿರಣದ ವಿಧಾನ ವೆಲ್ಸ್ ಎಣಿಸಿದ ಹವಳಗಳ ಕಾಲದ ಬಂಡೆಗಳಿಗೆ ಕೊಡುವ ವಯಸ್ಸು ಸುಮಾರು 38 ಕೋಟಿ ವರ್ಷ, ಎಂದರೆ 38 ಲಕ್ಷ ಶತಮಾನ. ಗುಣಿಸಿದರೆ 7,600 ಸೆಕೆಂಡ್, 2 ಗಂಟೆ 7 ನಿಮಿಷ. 24ರಿಂದ ಕಳೆದರೆ 21 ಗಂಟೆ 53 ನಿಮಿಷ. ಹವಳದ ಗೆರೆಯಿಂದ ಬಂದ 21.9ಕ್ಕೂ ಇದಕ್ಕೂ ಎರಡು ನಿಮಿಷದಷ್ಟೂ ಅಂತರವಿಲ್ಲ. ಒಂದು ಲೆಕ್ಕ ಜೀವಿಯ ಗೆರೆಯದು, ಇನ್ನೊಂದು ಬಂಡೆಯ ಪರಮಾಣುವಿನದು, ಒಂದಕ್ಕೆ ಇನ್ನೊಂದರ ಹಂಗಿಲ್ಲ. ಆರು ಸಾವಿರ ವರ್ಷದ ಭೂಮಿಯಾಗಿದ್ದರೆ ದಿನ ಉದ್ದವಾದದ್ದು 0.12 ಸೆಕೆಂಡ್ ಮಾತ್ರ, ವರ್ಷಕ್ಕೆ 400 ಗೆರೆ ಬರುವ ದಾರಿಯೇ ಇಲ್ಲ.

ತಾಳೆ ಚೆನ್ನಾಗಿದೆ ಎಂದು ಹಿಗ್ಗಿಬಿಡಬೇಡಿ. 385 ಹಿಡಿದರೆ ದಿನ 22.8 ಗಂಟೆ, 410 ಹಿಡಿದರೆ 21.4. ಈ ವ್ಯತ್ಯಾಸವನ್ನೂ ಬೋರ್ಡಿನ ಮೇಲೆ ಬರೆಯಿರಿ. 0.002 ಸೆಕೆಂಡನ್ನು ಇನ್ನೂ ಹಿಂದಕ್ಕೆ, 454 ಕೋಟಿಯವರೆಗೆ ಎಳೆಯಲೂ ಬೇಡಿ. ಖಂಡಗಳ ಜಾಗ, ಸಮುದ್ರದ ಆಕಾರ ಬದಲಾದಂತೆ ಉಬ್ಬರದ ಎಳೆತವೂ ಬದಲಾಗಿದೆ.

ನಮ್ಮ ಜಿಲ್ಲೆಯ ಕಲ್ಲಿನ ಮುಂದೆ

ಇಲ್ಲಿ ಹವಳವಿಲ್ಲ, ಇರಲು ಸಾಧ್ಯವೂ ಇಲ್ಲ. ಇಂದಿನ ಹವಳದ ಬಳಗ ಹುಟ್ಟಿದ್ದೇ ಸುಮಾರು 24 ಕೋಟಿ ವರ್ಷದ ಹಿಂದೆ. ಚಿತ್ರದುರ್ಗದ ಹಸಿರುಕಲ್ಲಿನ ಪಟ್ಟಿ ಅದಕ್ಕಿಂತ ಹತ್ತು ಪಟ್ಟು ಹಳೆಯದು. ಆದರೆ ಮಾರಿಕಣಿವೆ ಸುತ್ತಿನ ಸುಣ್ಣಕಲ್ಲಿನಲ್ಲಿ ಸ್ಟ್ರೊಮ್ಯಾಟೊಲೈಟ್ ಇದೆ, ಸೂಕ್ಷ್ಮಜೀವಿಗಳ ಲೋಳೆಪೊರೆ ಪದರ ಪದರವಾಗಿ ಕಟ್ಟಿದ ದಿಬ್ಬ. ಮಕ್ಕಳನ್ನು ಅಲ್ಲಿಗೂ, ಐಮಂಗಲ ಕಡೆಯ ಮರಡಿಹಳ್ಳಿಗೂ ಒಂದೇ ದಿನ ಕರೆದೊಯ್ಯಿರಿ. ಮರಡಿಹಳ್ಳಿಯದು ದಿಂಬು ಲಾವಾ, ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆ ಘೋಷಿಸಿದ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ. ಅಲ್ಲಿ ಸುತ್ತಿಗೆಯೂ ಬೇಡ, ಆಸಿಡ್ಡೂ ಬೇಡ.

ಎರಡೂ ದುಂಡುದುಂಡಗೆ ಕಾಣುವುದರಿಂದ ಒಂದನ್ನು ಇನ್ನೊಂದೆಂದು ಹೇಳುವುದುಂಟು. ಕೂತು ಹತ್ತಿರದಿಂದ ನೋಡಿ. ದಿಂಬು ಲಾವಾದಲ್ಲಿ ಪ್ರತಿ ಉಂಡೆಗೂ ಸುತ್ತ ಬಣ್ಣ ಬೇರೆಯಾದ ನುಣುಪು ಅಂಚಿರುತ್ತದೆ, ಬಿಸಿ ಲಾವಾ ಸಮುದ್ರದ ನೀರಿಗೆ ಥಟ್ಟನೆ ಆರಿದ ಗುರುತು. ಒಳಗೆ ಪದರವಿಲ್ಲ. ಮೇಲಿನ ಉಂಡೆಯ ತಳ ಚೂಪಾಗಿ ಕೆಳಗಿನ ಎರಡು ಉಂಡೆಗಳ ಸಂದಿಗೆ ಇಳಿದಿರುತ್ತದೆ. ಸ್ಟ್ರೊಮ್ಯಾಟೊಲೈಟಿನಲ್ಲಿ ಭೂತಗನ್ನಡಿ ಹಿಡಿದರೆ ಒಂದೆರಡು ಮಿ.ಮೀ. ದಪ್ಪದ ಪದರಗಳು ಮೇಲಕ್ಕೆ ಉಬ್ಬಿ ಒಂದರ ಮೇಲೊಂದು ಕೂತಿರುವುದು ಕಾಣುತ್ತದೆ. ಆಸಿಡ್ ಪರೀಕ್ಷೆಯನ್ನು ತಾನಾಗಿ ಬಿದ್ದ ಚೂರಿನ ಮೇಲೆ ಮಾತ್ರ ಮಾಡಿ. ಒಂದು ಪಾಲು ಗಟ್ಟಿ ಆಸಿಡ್ಡಿಗೆ ಒಂಬತ್ತು ಪಾಲು ನೀರು. ನೀರಿಗೆ ಆಸಿಡ್ ಹಾಕಬೇಕು, ಆಸಿಡ್ಡಿಗೆ ನೀರು ಹಾಕಬಾರದು. ಕನ್ನಡಕ ಹಾಕಿಕೊಳ್ಳಿ. ಸುಣ್ಣಕಲ್ಲು ತಕ್ಷಣ ನೊರೆಯುಕ್ಕಿಸುತ್ತದೆ. ಡಾಲೊಮೈಟ್ ಸುಮ್ಮನಿರುತ್ತದೆ, ಮೊಳೆಯಿಂದ ಕೆರೆದು ಪುಡಿಯ ಮೇಲೆ ಬಿಟ್ಟರೆ ನಿಧಾನವಾಗಿ ಗುಳ್ಳೆ ಬರುತ್ತದೆ.

ಪದರ ಎಣಿಸಿ ವಯಸ್ಸು ಹೇಳುವ ಆಸೆ ಇಲ್ಲಿ ಹುಟ್ಟುತ್ತದೆ. ಆಸ್ಟ್ರೇಲಿಯಾದ ಶಾರ್ಕ್ ಕೊಲ್ಲಿಯಲ್ಲಿ ಇಂದಿಗೂ ಬೆಳೆಯುವ ಸ್ಟ್ರೊಮ್ಯಾಟೊಲೈಟ್ ವರ್ಷಕ್ಕೆ ಅರ್ಧ ಮಿ.ಮೀ.ಗಿಂತ ಕಡಿಮೆ ಏರುತ್ತದೆ. ಆ ಅಂಕಿಯಿಂದ ಮಾರಿಕಣಿವೆಯ ಕಲ್ಲನ್ನು ಭಾಗಿಸಬೇಡಿ. ಈ ಕಲ್ಲು ಮೇಲಿನ ಭಾರಕ್ಕೆ ಅದುಮಿಕೊಂಡಿದೆ, ಮಡಚಿಕೊಂಡಿದೆ, ಕಾವಿಗೆ ಹರಳುಗಟ್ಟಿದೆ. ಇಲ್ಲಿಯ ವಯಸ್ಸು ತಿಳಿದದ್ದು ಜೊತೆಯ ಜ್ವಾಲಾಮುಖಿ ಕಲ್ಲುಗಳ ಜಿರ್ಕಾನ್ ಹರಳಿನಿಂದ. ದಾವಣಗೆರೆ ಜಿಲ್ಲೆ ಚನ್ನಗಿರಿ ತಾಲ್ಲೂಕಿನ ದಾಗಿನಕಟ್ಟೆ ಹೆಸರು ಹೊತ್ತ ಶಿಲಾಸಮೂಹದ ಜಿರ್ಕಾನ್ ಕೊಟ್ಟ ವಯಸ್ಸು ಸುಮಾರು 260 ಕೋಟಿ ವರ್ಷ. ಜಿರ್ಕಾನ್ ಒಳಗೆ ಸೇರಿದ ಯುರೇನಿಯಂ ನಿಧಾನವಾಗಿ ಸೀಸವಾಗುತ್ತದೆ. ಯುರೇನಿಯಂ-238ರ ಅರ್ಧಾಯು 447 ಕೋಟಿ, ಯುರೇನಿಯಂ-235ರದು 70 ಕೋಟಿ. 260 ಕೋಟಿ ವರ್ಷದಲ್ಲಿ ಮೊದಲನೆಯದು ಮೂರರಲ್ಲಿ ಒಂದು ಪಾಲು ಸೀಸವಾಗಿರುತ್ತದೆ, ಎರಡನೆಯದು ನೂರಕ್ಕೆ 8ರಷ್ಟು ಮಾತ್ರ ಉಳಿದಿರುತ್ತದೆ. ಒಂದೇ ಹರಳಿನೊಳಗೆ ಎರಡು ಗಡಿಯಾರ. ಸೀಸ ಸೋರಿಹೋಗಿದ್ದರೆ ಎರಡೂ ಬೇರೆ ಬೇರೆ ಹೊತ್ತು ತೋರಿಸಿ ಸಿಕ್ಕಿಬೀಳುತ್ತವೆ.

ಹುರಿ ತೆಗೆಯುವುದು ಇಲ್ಲೇ, ಬಂಡೆಯ ಪಕ್ಕದಲ್ಲಿ. ಕೋಟಿ ವರ್ಷಕ್ಕೆ 1 ಸೆಂ.ಮೀ. ಲೆಕ್ಕದಲ್ಲಿ 4 ಮೀಟರ್ 54 ಸೆಂ.ಮೀ. ಅಳೆದು ಹಿಡಿಸಿ. ಇಂದಿನ ತುದಿಯಿಂದ 2 ಮೀಟರ್ 60ಕ್ಕೆ ದಾಗಿನಕಟ್ಟೆ, 38 ಸೆಂ.ಮೀ.ಗೆ ವೆಲ್ಸ್ ಎಣಿಸಿದ ಹವಳ, 24ಕ್ಕೆ ಇಂದಿನ ಹವಳದ ಬಳಗ, 4ಕ್ಕೆ ಎನಿವೆಟಾಕ್. ಹತ್ತು ಸಾವಿರ ವರ್ಷದ ದಿಬ್ಬಕ್ಕೆ 0.01 ಮಿ.ಮೀ. ಬರುತ್ತದೆ, ಗುರುತು ಹಾಕಲು ಪೆನ್ನಿನ ಮೊನೆಯೇ ದಪ್ಪವಾಯಿತು.

ವಾದ ಬಂದಾಗ ಕೇಳಬೇಕಾದ್ದು

ಎದುರಿನವರ ನಂಬಿಕೆಯನ್ನು ಎಳೆಯದೆ ಅಂಕಿಯನ್ನು ಮಾತ್ರ ಕೇಳಿ. ಈ ದರ ಕೊಂಬೆಯದೋ, ಗೂಡಿನದೋ, ದಿಬ್ಬದ್ದೋ? ಅಳೆದದ್ದು ಹೇಗೆ? ಚದರ ಮೀಟರಿಗೆ ಎಷ್ಟು ಕಿಲೋ ಆಗುತ್ತದೆ? ನಡುವೆ ಬೆಳವಣಿಗೆ ನಿಂತ ಕಾಲವನ್ನು ಎಲ್ಲಿ ಸೇರಿಸಿದ್ದೀರಿ? ಸಂಕಲ್ಪದಲ್ಲಿ ಬರುವ ಕಲ್ಪದ 432 ಕೋಟಿ ವರ್ಷ ವಿಜ್ಞಾನದ 454 ಕೋಟಿಗೆ ಹತ್ತಿರವಿದೆ ಎಂದು ತರಗತಿಯಲ್ಲಿ ಯಾರಾದರೂ ಹೇಳಿಯೇ ಹೇಳುತ್ತಾರೆ. ಅವರಿಗೂ ಇದೇ ಪ್ರಶ್ನೆ, ಇದೇ ಮರ್ಯಾದೆ. 432 ಕೋಟಿ ಬ್ರಹ್ಮನ ಒಂದು ಹಗಲಿನ ಪೂರ್ತಿ ಉದ್ದ. ಅದೇ ಪಂಚಾಂಗದ ಲೆಕ್ಕದಲ್ಲಿ ಈವರೆಗೆ ಕಳೆದಿರುವುದು ಸುಮಾರು 197 ಕೋಟಿ, ದಾಗಿನಕಟ್ಟೆಯ ಹರಳಿಗಿಂತ 60 ಕೋಟಿ ಕಡಿಮೆ. 454 ಕೋಟಿ ಬಂದದ್ದು ಉಲ್ಕೆಗಳ ಮತ್ತು ಭೂಮಿಯ ಸೀಸವನ್ನು ಅಳೆದು, 1956ರಲ್ಲಿ ಕ್ಲೇರ್ ಪ್ಯಾಟರ್ಸನ್ ಪ್ರಕಟಿಸಿದ 455 ಕೋಟಿಯಿಂದ. ಅದನ್ನು ಯಾವ ಹವಳವೂ ಹೇಳಿದ್ದಲ್ಲ. ಹವಳ ಹೇಳುವುದು ತನ್ನ ಕಾಲವನ್ನು. ಆರು ಸಾವಿರ ವರ್ಷ ಸಾಲದು ಎನ್ನಲು ಎನಿವೆಟಾಕ್‌ನ ಮೊದಲ 50 ಮೀಟರ್ ಸಾಕು: 7 ಮಿ.ಮೀ. ದರದಲ್ಲಿ ಅಷ್ಟು ಕಟ್ಟಲು 7,000 ವರ್ಷ ಬೇಕು. ಅದರ ಕೆಳಗೆ ಇನ್ನೂ 1,350 ಮೀಟರ್ ಇದೆ.